ಉಳಿಸಿಕೊಂಡ ಎರಡು ಫ್ರೇಮು

ಮದುವೆ ಮನೆಯವರು ಎಷ್ಟು ಒತ್ತಾಯ ಮಾಡಿದರೂ ಕೊನೆಯ ರೋಲಿನ ಕೊನೆಯ ಎರಡು ಫ್ರೇಮುಗಳನ್ನು ನಾನು ಅವರಿಗೆ ಕೊಡುತ್ತಿರಲಿಲ್ಲ. 36ರಲ್ಲಿ 34 ಅವರದು, ಎರಡು ದಾರಿಯದು. "ಸ್ವಾದರ ಮಾವ ಈಗ ಬಂದಾನ್ರಿ, ಒಂದೇ ಒಂದು ಹೊಡೀರಿ" ಅಂದರೆ ಇನ್ನೊಂದು ರೋಲನ್ನೇ ಬಿಚ್ಚುತ್ತಿದ್ದೆ. ಅದರ ಖರ್ಚು ನನ್ನ ಮೈಮೇಲೆ ಬರುತ್ತಿತ್ತು, ಬರಲಿ. ಬರಿದಾದ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸಂಜೆಯ ಬಸ್ಸು ಹತ್ತುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

1988ರಿಂದ ಅಫಜಲಪುರದಲ್ಲಿ ಫೋಟೋ ಅಂಗಡಿ ನಡೆಸಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕು ಬಿಟ್ಟು ನನ್ನ ಕ್ಯಾಮೆರಾ ಹೆಚ್ಚು ತಿರುಗಿಲ್ಲ. ಮದುವೆ, ಜವಳ, ತೊಟ್ಟಿಲು, ಜಾತ್ರೆ, ರೇಷನ್ ಕಾರ್ಡಿನ ಫೋಟೋ, ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದ ಹೆಣದ ಫೋಟೋ. ಇವು ಹೊಟ್ಟೆಗೆ ಹಾಕಿದವು. ಆದರೆ ಇಂದು ನನ್ನ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಆ ಎರಡೆರಡು ಫ್ರೇಮುಗಳ ಪೆಟ್ಟಿಗೆಯನ್ನೇ ಮುಂದಿಡುತ್ತೇನೆ. ಯಾರೂ ಹೇಳದೆ, ಯಾರೂ ದುಡ್ಡು ಕೊಡದೆ, ದಾರಿಯಲ್ಲಿ ತಾವಾಗಿ ಎದುರಾದ ಚಿತ್ರಗಳು ಅವು.

ಈ ರೂಢಿ ಬಿದ್ದದ್ದು ಒಂದು ಚಿತ್ರ ಕಳೆದುಕೊಂಡದ್ದರಿಂದ. ಅಂಗಡಿ ತೆಗೆದ ಮರುವರ್ಷ ಆಳಂದದ ಲಾಡ್ಲೆ ಮಶಾಕ್ ಉರುಸಿಗೆ ಹೋಗಿದ್ದೆ. ಆಗ ನನ್ನ ಹತ್ತಿರ ಸೋಲಾಪುರದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಯಾಶಿಕಾ ಇತ್ತು, ಎದೆಮಟ್ಟಕ್ಕೆ ಹಿಡಿದು ತಲೆ ಬಗ್ಗಿಸಿ ನೋಡುವಂಥದ್ದು. ಒಂದು ರೋಲಿಗೆ ಬರೀ 12 ಚಿತ್ರ. ಗಂಧದ ಮೆರವಣಿಗೆ ಬರುವುದರೊಳಗೆ ಹನ್ನೆರಡೂ ಮುಗಿಸಿದ್ದೆ. ಹಾರದ ಅಂಗಡಿ, ತೊಟ್ಟಿಲು ಜೋಕಾಲಿ, ಬಳೆಗಾರರ ಸಾಲು, ಎಲ್ಲ ಉರುಸಿನಲ್ಲೂ ಇರುವಂಥವೇ. ಮೆರವಣಿಗೆ ಹತ್ತಿರ ಬಂದಾಗ ಕರೆಂಟು ಹೋಯಿತು. ಜನ ಒಮ್ಮೆ "ಹೋ" ಎಂದು ಸುಮ್ಮನಾದರು. ಆ ಕತ್ತಲಲ್ಲಿ ಗ್ಯಾಸ್ ಬತ್ತಿ ಹೊತ್ತ ನಾಲ್ಕು ಹೆಣ್ಣುಮಕ್ಕಳು ಮಾತ್ರ ಉಳಿದರು. ತಲೆಯ ಮೇಲಿನ ಬೆಳಕು ಹಣೆ, ಮೂಗು, ಮೇಲ್ದುಟಿಗೆ ಬಿದ್ದು ಕಣ್ಣುಗಳು ಗುಳಿಯೊಳಗೆ ಹೋಗಿದ್ದವು. ಗಂಧದ ತಟ್ಟೆ ಹೊತ್ತವನೇ ದಾರಿ ಕಾಣದೆ ಅವರ ಹಿಂದೆ ನಡೆದ. ಸದಾ ಅಂಚಿಗೆ ನಡೆಯುವವರು ಅಷ್ಟು ಹೊತ್ತು ಮೆರವಣಿಗೆಯ ಮುಂದಾಳುಗಳಾಗಿದ್ದರು. ಕಂಬಕ್ಕೆ ಒರಗಿ ಉಸಿರು ಹಿಡಿದು ಶಟರು ತೆರೆದಿದ್ದರೆ, ಅಲುಗಿದ ಚಿತ್ರವಾದರೂ ಸಿಗುತ್ತಿತ್ತು. ರೋಲು ಇರಲಿಲ್ಲ. ನಾಲ್ಕೈದು ನಿಮಿಷಕ್ಕೆ ಕರೆಂಟು ಬಂತು, ಅವರು ಮತ್ತೆ ಅಂಚಿಗೆ ಸರಿದರು. ಅಂದಿನಿಂದ ಎರಡು ಫ್ರೇಮು ಉಳಿಸಿಕೊಂಡೆ.

ಉಳಿಸಿಕೊಂಡದ್ದು ಎಷ್ಟು ದೊಡ್ಡದೆಂದು ತಿಳಿದದ್ದು 1993ರಲ್ಲಿ. ಸೆಪ್ಟೆಂಬರ್ 29, ಅನಂತ ಚತುರ್ದಶಿ. ಆಳಂದದಲ್ಲಿ ಗಣಪತಿ ಬಿಡುವ ಮೆರವಣಿಗೆಯ ಫೋಟೋ ಒಪ್ಪಿಕೊಂಡು ಹೋಗಿದ್ದವನು ತಡರಾತ್ರಿ ತಂಗಿಯ ಮನೆಯಲ್ಲಿ ಮಲಗಿದೆ. ನಸುಕಿನ ನಾಲ್ಕು ಗಂಟೆಗೆ ನಾಲ್ಕು ನಿಮಿಷ ಇರುವಾಗ ಭೂಮಿ ನಡುಗಿತು. ಗೂಟಕ್ಕೆ ಹಾಕಿದ್ದ ಲಾಟೀನು ಗೋಡೆಗೆ ಬಡಿಯುವ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ, ಗಣಪತಿ ಬಿಟ್ಟು ದಣಿದು ಮಲಗಿದ್ದ ಊರುಗಳ ಮೇಲೆ ಕಲ್ಲು–ಮಣ್ಣಿನ ಮನೆಗಳು ಕುಸಿದಿವೆ, ಸತ್ತವರು ಸಾವಿರಾರು ಎಂಬುದು ನಮಗೆ ಗೊತ್ತಾಗುವಾಗ ಹೊತ್ತು ಏರಿತ್ತು. ಅದಕ್ಕೆ ಮೊದಲು, ಬೆಳಕು ಹರಿಯುವಾಗ, ಏನಾಗಿದೆ ಎಂಬುದು ಯಾರಿಗೂ ಗೊತ್ತಿಲ್ಲದ ಒಂದೂವರೆ ಗಂಟೆ ಇತ್ತು. ನನ್ನ ಕ್ಯಾಮೆರಾದಲ್ಲಿ ರಾತ್ರಿಯ ಎರಡು ಫ್ರೇಮು ಇದ್ದವು.

ಓಣಿಗೆ ಓಣಿಯೇ ಹೊರಸು ಎಳೆದುಕೊಂಡು ಬೀದಿಗೆ ಬಂದಿತ್ತು. ಯಾವತ್ತೂ ಒಂದೇ ಕಟ್ಟೆಯ ಮೇಲೆ ಕೂರದ ಮನೆಗಳ ಹೊರಸುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಒಬ್ಬ ಅಜ್ಜ ಜಗಲಿಯ ದೇವರ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕದ ಹೊರಸಿನಲ್ಲಿ ಒಬ್ಬಾಕೆ ಜೋಳದ ಹಿಟ್ಟಿನ ಡಬ್ಬಿಯನ್ನು ಕೂಸಿನಂತೆ ತಬ್ಬಿ ಕುಳಿತಿದ್ದಳು. ಓಡಿ ಬರುವಾಗ ಕೈಗೆ ಸಿಕ್ಕದ್ದು ಅದು, ಅಥವಾ ಕೈ ಹುಡುಕಿದ್ದೇ ಅದು. ಬೆಳಕು ಇನ್ನೂ ಸಾಲದು. ಬಾಗಿಲ ಚೌಕಟ್ಟಿಗೆ ಮೊಣಕೈ ಊರಿ ಮೊದಲ ಫ್ರೇಮು ಹೊಡೆದೆ. ಎರಡನೆಯದಕ್ಕೆ ಅರ್ಧ ಗಂಟೆ ಕಾದೆ. ಅಷ್ಟರಲ್ಲಿ ಆ ತಾಯಿ ಬೀದಿ ನಡುವೆಯೇ ಮೂರು ಕಲ್ಲು ಹೂಡಿ, ಅದೇ ಡಬ್ಬಿ ಬಿಚ್ಚಿ, ಸಾಲು ಹೊರಸಿನ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಎರಡನೆಯ ಫ್ರೇಮಿನಲ್ಲಿ ಅವಳ ಕೈ ಮೇಲೆದ್ದಿದೆ, ಹಿಂದಿನ ಗೋಡೆಯಲ್ಲಿ ಬಿರುಕು ಇದೆ.

ಆ ವಾರ ದೇಶದ ಕ್ಯಾಮೆರಾಗಳೆಲ್ಲ ಕಿಲ್ಲಾರಿಗೆ ಹೋದವು. ಹೋಗಬೇಕಾದದ್ದೇ, ಸಾವು ಅಲ್ಲಿತ್ತು. ಆದರೆ ಒಂದು ದೊಡ್ಡ ಘಟನೆಗೆ ಸೆರಗು ಕೂಡ ಇರುತ್ತದೆ. ಆಳಂದದ ಹಳ್ಳಿಗಳಲ್ಲಿ ಜನ ವಾರಗಟ್ಟಲೆ ಬಯಲಲ್ಲಿ ಮಲಗಿದರು. ಆ ಸೆರಗನ್ನು ಹಿಡಿಯಲು ದೂರದವರು ಬರುವುದಿಲ್ಲ, ಅಲ್ಲೇ ಮಲಗಿದ್ದವನು ಹಿಡಿಯಬೇಕು. ನಾನು ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ. ಅಚಾನಕ್ಕಾಗಿ ಸಿಗುವ ಚಿತ್ರವನ್ನು ಎಲ್ಲರೂ ನಸೀಬು ಅನ್ನುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷದ ಅನುಭವದಲ್ಲಿ ನನಗೆ ಅದು ಒಪ್ಪಿಗೆಯಾಗಿಲ್ಲ. ಅದು ಇದ್ದವನಿಗೆ ಸಿಗುತ್ತದೆ, ಇದ್ದು ಖಾಲಿ ಕೈಯಲ್ಲಿ ಇರದವನಿಗೆ.

ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ ತೆಗೆದ ಚಂದ್ರೋದಯದ ಚಿತ್ರ ಜಗತ್ತಿಗೆಲ್ಲ ಗೊತ್ತು. 1941ರಲ್ಲಿ ಒಂದು ಸಂಜೆ, ದಿನವಿಡೀ ತಿರುಗಿ ಸಮಾಧಾನವಾಗುವಂಥ ಚಿತ್ರ ಸಿಗದೆ ಕಾರಿನಲ್ಲಿ ಹಿಂದಿರುಗುವಾಗ, ನ್ಯೂ ಮೆಕ್ಸಿಕೊದ ಹರ್ನಾಂಡೆಸ್ ಎಂಬ ಪುಟ್ಟ ಊರಿನ ಮೇಲೆ ಚಂದ್ರ ಏರಿದ್ದನ್ನು ಕಂಡರು. ಮುಳುಗುವ ಸೂರ್ಯನ ಕೊನೆಯ ಬೆಳಕು ಸ್ಮಶಾನದ ಶಿಲುಬೆಗಳ ಮೇಲಿತ್ತು. ಗಾಡಿ ನಿಲ್ಲಿಸಿ, ದೊಡ್ಡ ಕ್ಯಾಮೆರಾ ಹೂಡಿದರೆ ಬೆಳಕು ಅಳೆಯುವ ಮೀಟರೇ ಸಿಗಲೊಲ್ಲದು. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ಬಾಯಿಪಾಠವಿತ್ತು. ಅದರಿಂದಲೇ ಲೆಕ್ಕ ಕಟ್ಟಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿತ್ತು. ಇದನ್ನು ಹೇಳುವವರೆಲ್ಲ ಚಂದ್ರನ ಮಾತು ಆಡುತ್ತಾರೆ. ನನಗೆ ಆ ಬಾಯಿಪಾಠವೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ಬಿಸಿಲಿಗೂ ಒಂದು ಬಾಯಿಪಾಠ ಇತ್ತು. ನೂರರ ಫಿಲ್ಮು, ಎಂಟರ ಅಪರ್ಚರು, ಐನೂರರ ಶಟರು, ಫೋಕಸು ಹತ್ತು ಅಡಿಗೆ. ಐವತ್ತರ ಲೆನ್ಸಿಗೆ ಇಷ್ಟು ಇಟ್ಟುಬಿಟ್ಟರೆ ಏಳೆಂಟು ಅಡಿಯಿಂದ ಹದಿಮೂರು ಅಡಿಯವರೆಗೆ ಬಂದದ್ದೆಲ್ಲ ಚೊಕ್ಕ. ಮುಂಜಾನೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕಲಬುರಗಿ ಸೀಮೆಯ ಬಯಲಲ್ಲಿ ಬೆಳಕು ಬದಲಾಗುವುದಿಲ್ಲ, ಮೀಟರು ನೋಡುವ ಅಗತ್ಯವೇ ಇಲ್ಲ. ಬಸ್ಸು ಹತ್ತುವ ಮೊದಲೇ ಇಷ್ಟನ್ನು ಹೂಡಿಟ್ಟುಕೊಳ್ಳುತ್ತಿದ್ದೆ. ಎದುರಿಗೆ ಏನಾದರೂ ಆದಾಗ ಉಳಿಯುವ ಕೆಲಸ ಒಂದೇ, ಹತ್ತು ಅಡಿ ಹತ್ತಿರ ಹೋಗುವುದು. ಮೊಬೈಲಿನಲ್ಲಿ ಈಗ ಯಂತ್ರವೇ ಇದನ್ನೆಲ್ಲ ಮಾಡುತ್ತದೆ, ಸಂತೋಷ. ಹತ್ತಿರ ಹೋಗುವುದನ್ನು ಅದು ಮಾಡುವುದಿಲ್ಲ. ದೂರದಿಂದ ಜೂಮ್ ಮಾಡಿದ ಮುಖದಲ್ಲಿ ಕದ್ದದ್ದರ ಗುರುತು ಇರುತ್ತದೆ. ಹತ್ತು ಅಡಿಯಿಂದ ತೆಗೆದದ್ದರಲ್ಲಿ ಆ ಮನುಷ್ಯ ನಿಮ್ಮನ್ನು ಇರಗೊಟ್ಟಿದ್ದಾನೆ.

ಗಾಣಗಾಪುರಕ್ಕೆ ಹೋದವರೆಲ್ಲ ಭೀಮಾ–ಅಮರ್ಜಾ ಸಂಗಮದ ಚಿತ್ರ ತರುತ್ತಾರೆ. ನಾನು ಮಧ್ಯಾಹ್ನದ ಮಧುಕರಿ ಹೊತ್ತಿಗೆ ಓಣಿಗಳಲ್ಲಿ ನಿಲ್ಲುತ್ತೇನೆ. ಐದು ಮನೆ ಬೇಡಿ ಉಣ್ಣಬೇಕೆಂಬ ಪದ್ಧತಿಯಿಂದ ಪುಣೆ–ಮುಂಬೈನ ಉಳ್ಳವರೂ ಜೋಳಿಗೆ ಹಿಡಿದು ಬಾಗಿಲಿಗೆ ಬರುತ್ತಾರೆ. ಒಮ್ಮೆ ಕೈತುಂಬ ಉಂಗುರ ಹಾಕಿಕೊಂಡ ಒಬ್ಬ ಹಿರಿಯರಿಗೆ ಒಂದು ಗುಡಿಸಲಿನ ಮುದುಕಿ "ತಡಾ ಮಾಡಿ ಬಂದೀಯಲ್ಲ, ಅನ್ನ ತೀರ್ಯಾದ, ಕುಂದರು, ಎರಡು ರೊಟ್ಟಿ ಬಡೀತೀನಿ" ಅಂದಳು. ಅವರು ನೆಲಕ್ಕೇ ಕುಳಿತರು. ಬಿಸಿಲು ನೆತ್ತಿಯ ಮೇಲೆ, ಮುಖವೆಲ್ಲ ನೆರಳು, ಯಾವ ಪುಸ್ತಕವೂ ಫೋಟೋ ತೆಗೆಯಲು ಹೇಳದ ಹೊತ್ತು. ಚಿತ್ರದಲ್ಲಿ ಬೆಳಕು ಬಿದ್ದಿರುವುದು ಉಂಗುರದ ಬೆರಳುಗಳಿಗೂ ಒಲೆಯ ಮುಂದಿನ ಮೊಣಕೈಗೂ ಮಾತ್ರ.

ಈಗಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿರುವ ಕ್ಯಾಮೆರಾ ನಾನು ಕನಸಿನಲ್ಲೂ ಕಾಣದ್ದು, ದುಡಿಮೆಯೂ ದೊಡ್ಡದು. ಆದರೆ ಪ್ರಿ–ವೆಡ್ಡಿಂಗಿಗೆ ಹೊರಡುವಾಗಲೇ ಮೂವತ್ತು ಭಂಗಿಗಳ ಪಟ್ಟಿ ಮೊಬೈಲಿನಲ್ಲಿ ಬಂದಿರುತ್ತದೆ. ತೊಗರಿ ಹೂವಿನ ನಡುವೆ ಡ್ರೋನು ಮೇಲೇರುತ್ತದೆ, ಮದುಮಗ ಓಡುತ್ತಾನೆ, ಮೂವತ್ತೂ ಮುಗಿಯುತ್ತವೆ, ಗಾಡಿ ಹೊರಡುತ್ತದೆ. ಪಕ್ಕದ ಹೊಲದಲ್ಲಿ ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಲು ಒಂದು ಮನೆತನ ನಾಲ್ಕು ತಲೆಮಾರಿನೊಂದಿಗೆ ಬಂದಿರುತ್ತದೆ. ಬುಟ್ಟಿಯಲ್ಲಿ ಸಜ್ಜೆ ಕಡಬು, ಭಜ್ಜಿ ಪಲ್ಯ. ಮುತ್ತಜ್ಜಿಯನ್ನು ಮೊಮ್ಮಗ ಬೆನ್ನ ಮೇಲೆ ಹೊತ್ತು ಬದು ದಾಟಿಸುತ್ತಿರುತ್ತಾನೆ. ಪಟ್ಟಿಯಲ್ಲಿ ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮೂರು ತಾಲ್ಲೂಕಿನ ಚಿತ್ರ ನಾಡಿನವರ ಕಣ್ಣಿಗೆ ಬೀಳುವುದು ಬಿರಿದ ನೆಲ, ಮುಳುಗಿದ ಮನೆ, ಚುನಾವಣೆ ಇವು ಮೂರರಲ್ಲೇ. ನಡುವಿನದ್ದನ್ನೆಲ್ಲ ತುಂಬಬಲ್ಲವರು ಇದೇ ಹುಡುಗರು. ಅವರು ಅರ್ಧ ಗಂಟೆ ತಡಮಾಡಿ ಮನೆಗೆ ಹೋದರೆ ಸಾಕಾಗುತ್ತದೆ.

ಆದರೆ ಅವಕಾಶ ಎಂಬ ಮಾತನ್ನು ಬಾಯಿಗೆ ತರುವಾಗ ನನಗೆ 2020ರ ಅಕ್ಟೋಬರ್ ನೆನಪಾಗುತ್ತದೆ. ಮಹಾರಾಷ್ಟ್ರದ ಮಳೆ, ಉಜನಿಯಿಂದ ಬಿಟ್ಟ ನೀರು, ಭೀಮೆ ಕಂಡು ಕೇಳರಿಯದಷ್ಟು ಬಂದಳು. ಸೊನ್ನ ಬ್ಯಾರೇಜಿನ ಎಲ್ಲ ಗೇಟು ತೆರೆದರೂ ಸಾಲದು. ಘತ್ತರಗಿ, ಗಾಣಗಾಪುರದ ಸೇತುವೆಗಳ ಮೇಲೆ ನೀರು ಹರಿಯಿತು. ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಹೊರಗಿನಿಂದ ಬಂದ ಒಬ್ಬ ಛಾಯಾಗ್ರಾಹಕ, ಆಗಲೇ ದಡ ಸೇರಿದ್ದ ಒಂದು ಕುಟುಂಬಕ್ಕೆ "ಇನ್ನೊಮ್ಮೆ ನೀರಿಗಿಳಿದು ಬನ್ನಿ, ಮೊಳಕಾಲುಮಟ್ಟ ಸಾಕು" ಎಂದು ಹೇಳಿದ್ದನ್ನು ಕಿವಿಯಾರೆ ಕೇಳಿದೆ. ಅವರು ಇಳಿದರು ಕೂಡ, ಸಾಹೇಬರು ಹೇಳುತ್ತಾರಲ್ಲ ಎಂದು. ನಾನು ತಡೆಯಬೇಕಿತ್ತು. ತಡೆಯಲಿಲ್ಲ ಎಂಬುದು ನನ್ನನ್ನು ಇನ್ನೂ ಕುಟುಕುತ್ತದೆ. ಆದದ್ದನ್ನು ಹಿಡಿಯುವುದಕ್ಕೂ ಆಗಿಸಿ ಹಿಡಿಯುವುದಕ್ಕೂ ನಡುವೆ ಇರುವ ಗೆರೆ ಅಲ್ಲಿ ನೀರಿನ ಗೆರೆಯಷ್ಟೇ ಕಣ್ಣಿಗೆ ಕಾಣುತ್ತಿತ್ತು.

ಅದೇ ದಿನ ಶಾಲೆಯ ಕಟ್ಟೆಯ ಮೇಲೆ ಒಬ್ಬ ತಾಯಿ ಒದ್ದೆ ತೊಗರಿಯ ಚೀಲ ಬಿಚ್ಚಿ ಅಳುತ್ತಿದ್ದಳು. ಮೊಳಕೆಯೊಡೆದ ಕಾಳು ಅವಳ ಬೊಗಸೆಯಲ್ಲಿತ್ತು. ಹತ್ತು ಅಡಿ, ಪಕ್ಕದಿಂದ ಬೆಳಕು. ಹೊಡೆದೆ. ಆಮೇಲೆ ಅವಳು ಕೇಳಿದಳು: "ಇದು ಪೇಪರಿನ್ಯಾಗ ಬರ್ತದೇನ್ರಿ? ಮಗಳ ಬೀಗರು ನೋಡ್ತಾರ. ನಮ್ಮ ಮನಿ ಹೋಯ್ತು ಅಂತ ಅವರಿಗಿನ್ನೂ ಹೇಳಿಲ್ಲ." ಆ ಚಿತ್ರ ನಾನು ಯಾರಿಗೂ ಕಳಿಸಲಿಲ್ಲ. ಬದಲಿಗೆ ಅವಳ ಬೊಗಸೆಯೊಂದನ್ನೇ ತೆಗೆಯಲಾ ಎಂದು ಕೇಳಿದೆ, "ಕಾಳಿನದು ತಗೀರಿ" ಅಂದಳು. ಅದನ್ನು ಕಳಿಸಿದೆ. ಮುಖದ ಚಿತ್ರಕ್ಕೆ ಹೋಲಿಸಿದರೆ ಅದು ಕಡಿಮೆಯದು ಎಂದು ಕೆಲವರು ಅನ್ನಬಹುದು. ಅವಳ ಮಗಳ ಬಾಳಿನ ಎದುರು ನನ್ನ ಒಳ್ಳೆಯ ಚಿತ್ರ ಎಷ್ಟರದು?

ಇಷ್ಟೆಲ್ಲ ಹೇಳಿದ ಮೇಲೂ ಸಿಕ್ಕ ಚಿತ್ರ ಉಳಿಯುವುದು ಬೇರೆಯದೇ ಕೆಲಸ. ಸನ್ನತಿಯನ್ನು ನೋಡಿ. ಜೇವರ್ಗಿಯಿಂದ ಭೀಮೆ ದಾಟಿದರೆ ಸಿಗುವ, ಚಿತ್ತಾಪುರ ತಾಲ್ಲೂಕಿನ ಊರು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿಯಿತು. ವಿಗ್ರಹ ಭಿನ್ನವಾಯಿತು. ಅದರ ಪೀಠವಾಗಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ವಿಗ್ರಹ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಅಷ್ಟು ಅಕ್ಷರ ಹೋಗಿದ್ದವು, ಮಿಕ್ಕವು ಪೀಠವಾಗಿದ್ದರಿಂದಲೇ ಉಳಿದಿದ್ದವು. ಪಕ್ಕದ ಕನಗನಹಳ್ಳಿಯಲ್ಲಿ ಮುಂದೆ ಅಗೆದಾಗ ಅಶೋಕನ ಹೆಸರು ಬರೆದಿರುವ ಅವನ ಶಿಲ್ಪವೇ ಸಿಕ್ಕಿತು. ಆ ಕಲ್ಲಿನ ಮೇಲೆ ಹೆಸರಿಲ್ಲದಿದ್ದರೆ ಅವನು ಯಾವನೋ ಒಬ್ಬ ರಾಜ. ನಮ್ಮ ಅಂಗಡಿಗಳಲ್ಲಿ ಹೆಸರಿಲ್ಲದ ನೆಗೆಟಿವುಗಳು ಹಾಗೆಯೇ ಬಿದ್ದಿವೆ.

1998ರ ಬೇಸಿಗೆಯಲ್ಲಿ ಜೇವರ್ಗಿ ಕ್ರಾಸಿನಲ್ಲಿ ಪುಣೆಗೆ ದುಡಿಯಲು ಹೊರಟವರ ಲಾರಿ ನಿಂತಿತ್ತು. ಕೆಳಗಿನಿಂದ ಒಬ್ಬ ಮುದುಕಿ ರೊಟ್ಟಿ ಗಂಟು ಮೇಲೆ ಚಾಚಿದ್ದಳು, ಮೇಲಿನಿಂದ ಸೊಸೆ ಬಗ್ಗಿದ್ದಳು. ಒಂದೇ ಫ್ರೇಮು ಸಿಕ್ಕಿತು, ಲಾರಿ ಹೊರಟಿತು. ಹದಿನೇಳು ವರ್ಷದ ಮೇಲೆ ಆ ಸೊಸೆ ನನ್ನ ಅಂಗಡಿ ಹುಡುಕಿಕೊಂಡು ಬಂದಳು. "ಅವತ್ತು ನೀವು ಹೊಡೆದಿದ್ರಿ, ನೆನಪದ" ಅಂದಳು. ಅತ್ತೆ ತೀರಿದ್ದಳು, ಮನೆಯಲ್ಲಿ ಅವಳ ಫೋಟೋ ಒಂದೂ ಇರಲಿಲ್ಲ. ಲಕೋಟೆಯ ಮೇಲೆ ತಾರೀಖು, ಕ್ರಾಸಿನ ಹೆಸರು ಬರೆದಿದ್ದರಿಂದ ಇಪ್ಪತ್ತು ನಿಮಿಷದಲ್ಲಿ ನೆಗೆಟಿವು ಸಿಕ್ಕಿತು. ಆದರೆ ಮುದುಕಿಯ ಮುಖ ಗಂಟಿನ ಹಿಂದೆ ಅರ್ಧ ಮರೆಯಾಗಿತ್ತು, ಚೊಕ್ಕ ಬಂದದ್ದು ಮೊಣಕೈವರೆಗಿನ ಹಸಿರು ಬಳೆ, ಹಚ್ಚೆ. ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಮುಖ ತುಂಬಿಸಿ ಕೊಡುತ್ತೇನೆ ಅಂದ. ಅವಳು ಬೇಡ ಅಂದಳು. "ಆ ಮಾರಿ ಅಕಿದಾಗಂಗಿಲ್ಲ. ಈ ಕೈ ಅಕಿದು." ಕೈಯಿದ್ದಷ್ಟನ್ನೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿಕೊಂಡು ಹೋದಳು.

ಲಕೋಟೆಯ ಮೇಲೆ ಬರೆಯದಿದ್ದರೆ? ಹಳೆಯ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚುತ್ತಿವೆ. ಕಪ್ಪು–ಬಿಳುಪು ನೆಗೆಟಿವುಗಳಲ್ಲಿ ಬೆಳ್ಳಿ ಇರುವುದರಿಂದ ಅವನ್ನು ಕಿಲೋ ಲೆಕ್ಕದಲ್ಲಿ ಒಯ್ದು ಕರಗಿಸುತ್ತಾರೆ. ಕಲರ್ ಫಿಲ್ಮಿನ ಬೆಳ್ಳಿ ತೊಳೆಯುವಾಗಲೇ ಹೋಗಿರುವುದರಿಂದ ಅವನ್ನು ಕೇಳುವವರೇ ಇಲ್ಲ, ತಿಪ್ಪೆಗೆ ಹೋಗುತ್ತವೆ. 44 ಡಿಗ್ರಿಯ ಬೇಸಿಗೆಯಲ್ಲಿ ತಗಡಿನ ಛಾವಣಿಯ ಕೆಳಗೆ ಉಳಿದವು ಸಿರ್ಕಾ ವಾಸನೆ ಹಿಡಿದು ಸುರುಳಿಗಟ್ಟುತ್ತವೆ. ನಿಜಾಮರ ಕಾಲದಲ್ಲಿ ರಾಜಾ ದೀನ್ ದಯಾಳರು ಆಸ್ಥಾನದ ಚಿತ್ರ ತೆಗೆದರು, ಅವರ ಗಾಜಿನ ನೆಗೆಟಿವುಗಳನ್ನು ಇಂದು ಜತನವಾಗಿ ಕಾಯುತ್ತಾರೆ. ಅದೇ ಸಂಸ್ಥಾನದ ಮೂಲೆಯಲ್ಲಿದ್ದ ನಮ್ಮ ಹಳ್ಳಿಯ ರೈತರಿಗೆ, ಬಳೆಗಾರರಿಗೆ, ಗ್ಯಾಸ್ ಬತ್ತಿ ಹೊತ್ತವರಿಗೆ ಸಿಕ್ಕ ಮೊದಲ ಛಾಯಾಗ್ರಾಹಕ ಈ ಬಸ್ ಸ್ಟ್ಯಾಂಡಿನ ಸ್ಟುಡಿಯೋದವನೇ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸರ್ಕಾರ ಅರಿವು ಕೇಂದ್ರಗಳನ್ನಾಗಿ ಮಾಡಿದೆ. ಅಲ್ಲಿ ಒಂದು ನೆಗೆಟಿವ್ ಸ್ಕ್ಯಾನರ್ ಇಡುವುದು ದೊಡ್ಡ ಖರ್ಚಲ್ಲ. ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿಗಳು ರಜೆಯಲ್ಲಿ ಒಂದೊಂದು ಸ್ಟುಡಿಯೋಕ್ಕೆ ಕುಳಿತು, ಹಿರಿಯರನ್ನು ಕೂರಿಸಿಕೊಂಡು, ಯಾವ ಊರು, ಯಾವ ವರ್ಷ, ಯಾರ ಮನೆ ಎಂದು ಬರೆದುಕೊಂಡರೆ ಈ ಸೀಮೆಯ ಐವತ್ತು ವರ್ಷ ಉಳಿಯುತ್ತದೆ. ಗುರುತು ಹಿಡಿಯುವ ಹಿರಿಯರು ಇರುವಾಗಲೇ ಇದು ಆಗಬೇಕು.

ನನ್ನ ಪೆಟ್ಟಿಗೆಯನ್ನು ನಾನೇ ಶುರು ಮಾಡಿದ್ದೇನೆ. ದಿನಕ್ಕೆ ನಾಲ್ಕು ಲಕೋಟೆ. ಕಳೆದ ವಾರ ಒಂದು ಫ್ರೇಮು ಬಂತು, ಅದನ್ನು ತೆಗೆದದ್ದೇ ನನಗೆ ನೆನಪಿಲ್ಲ. ಲಕೋಟೆಯ ಮೇಲೆ "ಚೌಡಾಪುರ, 96, ಹಿಂದಕ್ಕ ಬರುವಾಗ" ಎಂದಿಷ್ಟೇ ಇದೆ. ಬೇವಿನ ಮರದ ಕೆಳಗೆ ಐಸ್ ಮಾರುವ ಸೈಕಲ್ಲು, ಪೆಟ್ಟಿಗೆಯ ಮುಚ್ಚಳ ತೆರೆದಿದೆ. ಹತ್ತು–ಹನ್ನೆರಡು ವರ್ಷದ ಇಬ್ಬರು ಹುಡುಗಿಯರು, ಒಬ್ಬಳ ಕಂಕುಳಲ್ಲಿ ಕೂಸು, ಇಬ್ಬರೂ ಪೆಟ್ಟಿಗೆಯೊಳಗಿನ ಥಂಡಿ ಹೊಗೆಗೆ ಮುಖ ಒಡ್ಡಿ ಕಣ್ಣು ಮುಚ್ಚಿದ್ದಾರೆ. ಐಸಿನವನು ಸಿಟ್ಟಾಗದೆ ಮುಚ್ಚಳ ಹಿಡಿದು ನಿಂತಿದ್ದಾನೆ. ಆ ಹುಡುಗಿಯರಿಗೆ ಈಗ ನಲವತ್ತು ಆಗಿರಬೇಕು. ಗುರುತು ಸಿಕ್ಕವರು ಅಫಜಲಪುರಕ್ಕೆ ಬಂದಾಗ ಅಂಗಡಿಗೆ ಬನ್ನಿ. ಲಕೋಟೆಯ ಮೇಲೆ ಹೆಸರು ಬರೆಯಲು ಜಾಗ ಬಿಟ್ಟಿದ್ದೇನೆ.